ಸಿದ್ಧನ ಕನಸು, ಸೈನಿಕನ ಮುಷ್ಟಿ

ಪ್ರಶ್ನೆ: ಬೆಂಗಳೂರಿನಲ್ಲಿ ತಾಯ್ ಚಿ ಕಲಿಯುತ್ತಿದ್ದೇನೆ, 24 ಭಂಗಿಗಳ ಸರಣಿ. ವುಡಾಂಗ್ ಬೆಟ್ಟದ ಝಾಂಗ್ ಸಾನ್‌ಫೆಂಗ್ ಎಂಬ ತಾವೋ (ಚೀನಾದ ದೇಶೀಯ ಮತ) ಸಿದ್ಧ, ಹಾವೂ ಕೊಕ್ಕರೆಯೂ ಕಾದಾಡುವುದನ್ನು ಕಂಡು ಇದನ್ನು ರಚಿಸಿದನೆಂದು ನಮ್ಮ ಗುರುಗಳು ಹೇಳುತ್ತಾರೆ. ಕರಾಟೆ ಕಲಿತಿರುವ ನಮ್ಮ ಭಾವನವರು ಇದನ್ನು ಒಪ್ಪುವುದಿಲ್ಲ. ಕಂಚಿಯಿಂದ ಚೀನಾಕ್ಕೆ ಹೋದ ಬೋಧಿಧರ್ಮನೇ ಶಾವೋಲಿನ್ ಮಠದಲ್ಲಿ ಎಲ್ಲವನ್ನೂ ಕಲಿಸಿದ ಎನ್ನುತ್ತಾರೆ. ಯಾರು ಸರಿ? ಚೀನೀ ಯುದ್ಧಕಲೆಗಳಿಗೂ ತಾವೋ ಮತಕ್ಕೂ ಇರುವ ನಂಟು ಎಷ್ಟು ಹಳೆಯದು?

ಉತ್ತರ: ಇಬ್ಬರೂ ಸರಿಯಲ್ಲ. ಆದರೆ ಇಬ್ಬರು ಹೇಳುವ ಕಥೆಗೂ ಹುಟ್ಟಿದ ವರ್ಷವಿದೆ, ಹೆತ್ತವರ ಗುರುತೂ ಸಿಗುತ್ತದೆ. ಬೋಧಿಧರ್ಮನ ಕಥೆಯ ಬೇರು 1624ರ ಒಂದು ಪುಸ್ತಕದಲ್ಲಿದೆ, ಝಾಂಗ್ ಸಾನ್‌ಫೆಂಗನದು 1669ರ ಒಂದು ಸಮಾಧಿ ಲೇಖನದಲ್ಲಿ. ಚೀನೀಯರು ಅದಕ್ಕೂ ಎರಡು ಸಾವಿರ ವರ್ಷ ಮೊದಲಿನಿಂದ ಹೊಡೆದಾಡುತ್ತಲೇ ಇದ್ದರು. ಅವರಿಗೆ ಅದನ್ನು ಕಲಿಸಲು ಭಿಕ್ಷುವೂ ಬೇಕಾಗಿರಲಿಲ್ಲ, ಸಿದ್ಧನೂ ಬೇಕಾಗಿರಲಿಲ್ಲ. ಗಡಿಯಲ್ಲಿ ಶತ್ರು, ದಾರಿಯಲ್ಲಿ ದರೋಡೆಕೋರ, ಊರಲ್ಲಿ ಜಗಳ ಇದ್ದರೆ ಸಾಕಿತ್ತು.

ಹಳೆಯ ಸಾಕ್ಷ್ಯ ಹೇಗಿದೆ ನೋಡಿ. ಕ್ರಿ.ಶ. 1ನೇ ಶತಮಾನದಲ್ಲಿ ಬಾನ್ ಗು ಎಂಬ ಇತಿಹಾಸಕಾರ ಹಾನ್ ಅರಸರ ಗ್ರಂಥಭಂಡಾರದ ಪಟ್ಟಿಯನ್ನು ತನ್ನ ಇತಿಹಾಸದೊಳಗೆ ಸೇರಿಸಿದ. ಅದರಲ್ಲಿ ಬರಿಗೈ ಕಾದಾಟದ ಬಗ್ಗೆ 6 ಅಧ್ಯಾಯಗಳ ಒಂದು ಕೃತಿ, ಕತ್ತಿಯ ಬಗ್ಗೆ 38 ಅಧ್ಯಾಯಗಳ ಇನ್ನೊಂದು ಕೃತಿ ದಾಖಲಾಗಿವೆ. ಎರಡೂ ಈಗ ಉಳಿದಿಲ್ಲ. ಆದರೆ ಅವು ಪಟ್ಟಿಯ ಯಾವ ಮೂಲೆಯಲ್ಲಿವೆ ಎಂಬುದೇ ನಮಗೆ ಬೇಕಾದ ಸಂಗತಿ: ಬಿಲ್ವಿದ್ಯೆಯ ಪುಸ್ತಕಗಳ ಜೊತೆಗೆ, ಸೈನ್ಯದ ಕೌಶಲಗಳ ಕೆಳಗೆ. ತಾವೋ ಚಿಂತಕರಿಗೆ ಅದೇ ಪಟ್ಟಿಯಲ್ಲಿ ಬೇರೆ ವಿಭಾಗವಿದೆ, ಅಮರತ್ವದ ಸಾಧಕರಿಗೆ ಮತ್ತೊಂದು. ಗ್ರಂಥಪಾಲಕನ ಕಣ್ಣಿಗೆ ಅಂದು ಇವೆಲ್ಲ ಬೇರೆ ಬೇರೆ ಕಪಾಟಿನ ಸರಕು.

ಅಮರತ್ವದ ಕಪಾಟಿನಲ್ಲೂ ಮೈ ಬಾಗಿಸುವ ವಿದ್ಯೆ ಇತ್ತು, ಗೊಂದಲ ಹುಟ್ಟುವುದು ಇಲ್ಲೇ. 1973ರಲ್ಲಿ ಹುನಾನ್ ಪ್ರಾಂತದ ಮಾವಾಂಗ್‌ದುಯಿ ಎಂಬಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಒಂದು ಸಮಾಧಿಯನ್ನು ಅಗೆದಾಗ ರೇಷ್ಮೆಯ ಮೇಲೆ ಬರೆದ ಚಿತ್ರಪಟವೊಂದು ಸಿಕ್ಕಿತು. ಅದರಲ್ಲಿ 44 ಜನ ಕೈ ಚಾಚಿ, ಸೊಂಟ ಬಾಗಿಸಿ, ತೋಳು ಮೇಲೆತ್ತಿ ನಿಂತಿದ್ದಾರೆ. ಗಂಡಸರಿದ್ದಾರೆ, ಹೆಂಗಸರಿದ್ದಾರೆ, ಮುದುಕರಿದ್ದಾರೆ. ಕೆಲವರು ಬಟ್ಟೆ ತೊಟ್ಟಿದ್ದಾರೆ, ಕೆಲವರದು ಬರಿಮೈ. ಕೆಲವು ಭಂಗಿಗಳ ಪಕ್ಕದಲ್ಲಿ ಪ್ರಾಣಿಯ ಹೆಸರು, ಕೆಲವುಗಳ ಪಕ್ಕದಲ್ಲಿ ಅದು ವಾಸಿಮಾಡುವ ಕಾಯಿಲೆಯ ಹೆಸರು. ಎದುರಾಳಿ ಮಾತ್ರ ಎಲ್ಲೂ ಇಲ್ಲ. ಇದನ್ನು ಚೀನೀಯರು ದಾವೋಯಿನ್ ಎನ್ನುತ್ತಾರೆ: ಉಸಿರನ್ನು ನಡೆಸುವ, ಮೈಯನ್ನು ಹಿಗ್ಗಿಸುವ ವ್ಯಾಯಾಮ. 208ರ ಸುಮಾರಿಗೆ ತೀರಿಕೊಂಡ ಹುವಾ ತುವೋ ಎಂಬ ವೈದ್ಯ ಹುಲಿ, ಜಿಂಕೆ, ಕರಡಿ, ಕಪಿ, ಹಕ್ಕಿ ಎಂಬ ಐದು ಆಟಗಳನ್ನು ಶಿಷ್ಯನಿಗೆ ಕಲಿಸಿದ್ದೂ ಜೀರ್ಣಶಕ್ತಿ ಚೆನ್ನಾಗಿರಲಿ, ಮುಪ್ಪು ತಡವಾಗಲಿ ಎಂದೇ. ಇಂಥ ಕರಡಿಯಾಟ, ಹಕ್ಕಿಯಾಟಗಳಿಂದ ಆಯುಷ್ಯ ಹಿಗ್ಗಿಸಿಕೊಳ್ಳುವವರ ಮಾತು ತಾವೋ ಪರಂಪರೆಯ ಮೂಲಗ್ರಂಥಗಳಲ್ಲೊಂದಾದ ಝುವಾಂಗ್‌ಝಿಯಲ್ಲೇ ಬರುತ್ತದೆ, ತುಸು ಕೊಂಕಾಗಿ. ಇವರು ಮೈಗೆ ಗಂಟುಬಿದ್ದವರು, ನಿಜವಾದ ಸಂತ ಇದಿಲ್ಲದೆಯೇ ಬಾಳುತ್ತಾನೆ ಎಂಬ ಧಾಟಿಯಲ್ಲಿ.

ಹಾಗಾದರೆ ಪ್ರಾಚೀನ ತಾವೋ ಸಾಧಕರು ಆಯುಧ ಮುಟ್ಟಲೇ ಇಲ್ಲವೇ? ಮುಟ್ಟಿದ್ದರು. ನನಗೆ ಅಚ್ಚುಮೆಚ್ಚಿನ ಉದಾಹರಣೆ ಗೆ ಹೋಂಗ್. 283ರಲ್ಲಿ ಹುಟ್ಟಿದ ಈತ ರಸವಿದ್ಯೆ, ಅಮರತ್ವ, ಉಸಿರಿನ ಸಾಧನೆಗಳ ಬಗ್ಗೆ ಬರೆದವರಲ್ಲಿ ದೊಡ್ಡ ಹೆಸರು. ಆತ್ಮಕಥನದ ಭಾಗದಲ್ಲಿ ತಾನು ಬಿಲ್ಲು, ಕತ್ತಿ ಗುರಾಣಿ, ಜೋಡಿ ಭರ್ಜಿ, ಕೊನೆಗೆ ಏಳು ಅಡಿಯ ದೊಣ್ಣೆ ಕಲಿತದ್ದನ್ನು ಹೇಳಿಕೊಂಡಿದ್ದಾನೆ. ಇವಕ್ಕೆಲ್ಲ ಬಾಯಿಂದ ಬಾಯಿಗೆ ಬರುವ ಗುಟ್ಟಿನ ಸೂತ್ರಗಳಿವೆ, ಅವು ಗೊತ್ತಿದ್ದವನು ಗೊತ್ತಿಲ್ಲದವನನ್ನು ಸುಲಭವಾಗಿ ಮಣಿಸುತ್ತಾನೆ ಎನ್ನುತ್ತಾನೆ. ಯುದ್ಧದಲ್ಲಿ ಬೆನ್ನಟ್ಟಿ ಬಂದ ಸವಾರರತ್ತ ಬಾಣ ಬಿಟ್ಟು ಇಬ್ಬರನ್ನೂ ಒಂದು ಕುದುರೆಯನ್ನೂ ಕೊಂದು ಜೀವ ಉಳಿಸಿಕೊಂಡನಂತೆ. ಇಷ್ಟು ಅನುಭವವಿದ್ದವನು ಈ ವಿದ್ಯೆಯನ್ನು ಅಮರತ್ವದ ಮೆಟ್ಟಿಲು ಎಂದು ಹೇಳಬಹುದಿತ್ತಲ್ಲ? ಹೇಳಲಿಲ್ಲ. ಇದೆಲ್ಲ ಅವಸರವಿಲ್ಲದ ಚಿಲ್ಲರೆ ವಿದ್ಯೆ, ಇದ್ದರೆ ಇರಲಿ, ಬಳಸಲೇಬೇಕೆಂದೇನಿಲ್ಲ ಎಂದು ಬದಿಗಿಟ್ಟ. ಒಬ್ಬನೇ ಮನುಷ್ಯ ಉಸಿರಿನ ಸಾಧನೆಯನ್ನೂ ದೊಣ್ಣೆವರಸೆಯನ್ನೂ ಬಲ್ಲವನಾಗಿದ್ದ, ಆದರೂ ಎರಡನ್ನೂ ಒಂದು ಮಾಡಬೇಕೆಂದು ಅವನಿಗೆ ತೋಚಲಿಲ್ಲ. ತೋಚುವುದಕ್ಕೆ ಇನ್ನೂ 1300 ವರ್ಷ ಬೇಕಿತ್ತು.

ತಾವೋ ಚಿಂತನೆಯ ಭಾಷೆ ಮಾತ್ರ ಬೇಗನೆ ಕತ್ತಿಯೊಳಕ್ಕೆ ಬಂದಿತ್ತು, ಅದನ್ನು ಮರೆಮಾಚಬಾರದು. ವೂ ಮತ್ತು ಯುವೆ ರಾಜ್ಯಗಳ ಕಥೆ ಹೇಳುವ ಹಾನ್ ಕಾಲದ ಕೃತಿಯೊಂದರಲ್ಲಿ, ಕಾಡಿನಿಂದ ಬಂದ ಯುವತಿಯೊಬ್ಬಳು ರಾಜ ಗೌಜಿಯಾನನಿಗೆ ಕತ್ತಿಯ ಮರ್ಮ ಹೇಳುತ್ತಾಳೆ. ಅದಕ್ಕೆ ಬಾಗಿಲುಗಳಿವೆ, ಯಿನ್ ಯಾಂಗ್ ಎಂಬ ಒಂದನ್ನೊಂದು ತುಂಬುವ ಎರಡು ಎದುರು ಶಕ್ತಿಗಳಿವೆ; ಒಳಗೆ ಚೈತನ್ಯ ಗಟ್ಟಿಯಾಗಿರಲಿ, ಹೊರಗೆ ಶಾಂತವಾಗಿರಲಿ; ನೋಡಲು ಸಾಧ್ವಿ ಗೃಹಿಣಿಯಂತೆ, ಎರಗುವಾಗ ಹುಲಿಯಂತೆ. ಇಂದಿನ ತಾಯ್ ಚಿ ಗುರುಗಳು ಇದನ್ನು ಮುಂದಿಟ್ಟುಕೊಂಡು ಪಾಠ ಮಾಡಬಹುದು. ಆದರೆ ಯಿನ್ ಯಾಂಗ್ ಯಾವ ಒಂದು ಮತದ ಸ್ವತ್ತೂ ಆಗಿರಲಿಲ್ಲ. ವೈದ್ಯರು, ಜೋಯಿಸರು, ಸೇನಾಪತಿಗಳು, ಅಡುಗೆಯವರು ಎಲ್ಲರೂ ಅದೇ ಮಾತಿನಲ್ಲಿ ಯೋಚಿಸುತ್ತಿದ್ದರು. ಆ ಪದ ಕಂಡಲ್ಲೆಲ್ಲ ತಾವೋ ಗುರುವನ್ನು ಹುಡುಕುವುದು ವ್ಯರ್ಥ.

ಈಗ ನಿಮ್ಮ ಭಾವನವರ ವಾದಕ್ಕೆ ಬರೋಣ. ಶಾವೋಲಿನ್ ಮಠ ಸ್ಥಾಪನೆಯಾದದ್ದು 5ನೇ ಶತಮಾನದ ಕೊನೆಯಲ್ಲಿ, ಉತ್ತರ ವೇ ವಂಶದ ಚಕ್ರವರ್ತಿಯಿಂದ, ಬಾತುವೋ ಎಂದು ಚೀನೀಯರು ಕರೆಯುವ ಭಾರತೀಯ ಭಿಕ್ಷುವಿಗಾಗಿ. ಬೋಧಿಧರ್ಮನ ಮೊದಲ ಉಲ್ಲೇಖ 547ರ ಸುಮಾರಿನದು. ಲುವೋಯಾಂಗ್ ನಗರದ ವಿಹಾರಗಳನ್ನು ವರ್ಣಿಸುವ ಆ ಪುಸ್ತಕದಲ್ಲಿ ಅವನು ಪರ್ಷಿಯಾದ ಭಿಕ್ಷು. ಒಂದು ಎತ್ತರದ ಸ್ತೂಪವನ್ನು ಕಂಡು ಬೆರಗಾಗಿ ಕೈಮುಗಿದು ನಿಂತವನು. ದಕ್ಷಿಣ ಭಾರತದವನೆಂಬ ಮಾತು ಬೇರೆ ಹಳೆಯ ಮೂಲಗಳಲ್ಲಿದೆ, ಅದನ್ನು ತಳ್ಳಿಹಾಕಬೇಕಿಲ್ಲ. ಆದರೆ ಈ ಯಾವ ಹಳೆಯ ಮೂಲವೂ ಅವನು ಮುಷ್ಟಿ ಕಟ್ಟಿದನೆಂದು ಹೇಳುವುದಿಲ್ಲ. 621ರಲ್ಲಿ ಶಾವೋಲಿನ್ ಭಿಕ್ಷುಗಳು ಮುಂದೆ ತಾಂಗ್ ಚಕ್ರವರ್ತಿಯಾದ ಲೀ ಶಿಮಿನ್‌ನ ಪರವಾಗಿ ನಿಜಕ್ಕೂ ಹೋರಾಡಿದರು; 728ರ ಶಿಲಾಶಾಸನದಲ್ಲಿ ಇದು ದಾಖಲಾಗಿದೆ. ಅಲ್ಲೂ ಬೋಧಿಧರ್ಮನ ಯುದ್ಧವಿದ್ಯೆಯ ಸುದ್ದಿಯಿಲ್ಲ. ಮಿಂಗ್ ಕಾಲದಲ್ಲಿ (1368–1644) ಶಾವೋಲಿನ್‌ನ ದೊಣ್ಣೆವರಸೆ ದೇಶಕ್ಕೆಲ್ಲ ಹೆಸರಾದಾಗಲೂ ಭಿಕ್ಷುಗಳು ಅದರ ಕೀರ್ತಿಯನ್ನು ಕೊಟ್ಟದ್ದು ಬೋಧಿಧರ್ಮನಿಗಲ್ಲ, ಅಡುಗೆಮನೆಯ ಆಳಿನ ವೇಷದಲ್ಲಿದ್ದು ದೊಣ್ಣೆ ಹಿಡಿದು ಬಂಡುಕೋರರನ್ನು ಓಡಿಸಿದ ಕಿನ್ನರ ರಾಜನಿಗೆ. ಹೌದು, ನಮ್ಮ ಪುರಾಣಗಳ ಅದೇ ಕಿನ್ನರ. ಭಾರತದ ನಂಟು ಬೇಕೆನ್ನುವವರು ಇವನನ್ನು ಹಿಡಿದುಕೊಳ್ಳಬಹುದು.

ಬೋಧಿಧರ್ಮ ಬರುವುದು 1624ರ ಯಿಜಿನ್ ಜಿಂಗ್ ಎಂಬ ಪುಸ್ತಕದಲ್ಲಿ. ಸ್ನಾಯುಗಳನ್ನು ಮಾರ್ಪಡಿಸುವ ವಿಧಾನ ಅದರ ವಿಷಯ. ಮೈಯನ್ನು ತಿಕ್ಕಿ, ಮರದ ಒನಕೆಯಿಂದ ಕುಟ್ಟಿ, ಕಲ್ಲು ತುಂಬಿದ ಚೀಲದಿಂದ ಬಡಿದು ಒಳಗೆ ಶಕ್ತಿ ತುಂಬಿಸಿಕೊಳ್ಳುವ ಕ್ರಮ ಅದರಲ್ಲಿದೆ. ಇದು ಅರ್ಧ ದಾವೋಯಿನ್, ಅರ್ಧ ಜಟ್ಟಿಯ ತಾಲೀಮು. ಅದಕ್ಕೊಂದು ಮುನ್ನುಡಿ, ತಾಂಗ್ ವಂಶದ ಪ್ರಸಿದ್ಧ ಸೇನಾಪತಿ ಲೀ ಜಿಂಗ್ 628ರಲ್ಲಿ ಬರೆದನೆಂಬ ಸೋಗಿನಲ್ಲಿ. ಬೋಧಿಧರ್ಮ ಬಿಟ್ಟುಹೋದ ಕಬ್ಬಿಣದ ಪೆಟ್ಟಿಗೆಯಲ್ಲಿ ಈ ಗ್ರಂಥ ಸಿಕ್ಕಿತು, ಒಬ್ಬ ಭಾರತೀಯ ಭಿಕ್ಷು ಅದನ್ನು ಅನುವಾದಿಸಿದ, ಅದು ಕೈಯಿಂದ ಕೈಗೆ ಬಂದು ನನಗೆ ತಲುಪಿತು ಎನ್ನುತ್ತಾನೆ ಈ 'ಲೀ ಜಿಂಗ್'. ಫಜೀತಿ ಏನೆಂದರೆ ಆ ಅನುವಾದಕನ ಹೆಸರಿನ ಭಿಕ್ಷು ಚೀನಾದ ದಾಖಲೆಗಳಲ್ಲಿ ಕಾಣಿಸುವುದು 705ರಲ್ಲಿ. ಸೇನಾಪತಿಗೆ ಗ್ರಂಥ ಕೊಟ್ಟ ಗಡ್ಡದ ವೀರನಂತೂ ತಾಂಗ್ ಕಾಲದ ಒಂದು ಕಥೆಯ ಪಾತ್ರ. ಮೂಳೆ ಮಾಂಸದ ಮನುಷ್ಯನೇ ಅಲ್ಲ. 18ನೇ ಶತಮಾನದ ವಿದ್ವಾಂಸ ಲಿಂಗ್ ತಿಂಗ್‌ಕಾನ್ ಇದನ್ನೆಲ್ಲ ಓದಿ ಬರೆದವನ ಅಜ್ಞಾನಕ್ಕೆ ಚೆನ್ನಾಗಿ ಛೀಮಾರಿ ಹಾಕಿದ್ದಾನೆ.

ಈ ಪುಸ್ತಕಕ್ಕೆ ಸಹಿ ಹಾಕಿದವನು ತಿಯಾಂತಾಯ್ ಬೆಟ್ಟದ 'ನೇರಳೆ ಘನದ ತಾವೋ ಸಾಧಕ' ಎಂಬ ಅಂಕಿತದ ವ್ಯಕ್ತಿ. ಅಂದರೆ ಬೌದ್ಧ ಬೋಧಿಧರ್ಮನನ್ನು ವ್ಯಾಯಾಮ ಗುರುವಾಗಿಸಿದ್ದೇ ತಾವೋ ಪರಿಭಾಷೆಯಲ್ಲಿ ಮುಳುಗಿದ್ದ ಒಬ್ಬ ಲೇಖಕ! ನಿಮ್ಮ ಭಾವನವರ ಕಥೆಯನ್ನು ಕೆರೆದರೆ ಕೆಳಗೆ ನಿಮ್ಮ ಗುರುಗಳ ಬಣ್ಣ ಕಾಣಿಸುತ್ತದೆ. ಇದನ್ನು ಅವರಿಗೆ ಹೇಳುವಾಗ ಊಟದ ಹೊತ್ತನ್ನು ಆರಿಸಿಕೊಳ್ಳಬೇಡಿ.

ಇನ್ನು ಝಾಂಗ್ ಸಾನ್‌ಫೆಂಗ್. ಮಿಂಗ್ ವಂಶದ ಅಧಿಕೃತ ಇತಿಹಾಸದಲ್ಲಿ ಇವನ ಜೀವನಚರಿತ್ರೆಯಿದೆ. ಎತ್ತರದ ಆಳು, ದೊಡ್ಡ ಕಿವಿ, ಗುಂಡು ಕಣ್ಣು, ಚಳಿಗೂ ಸೆಕೆಗೂ ಒಂದೇ ಬಟ್ಟೆ, ಮೈ ಕೊಳಕು; ಅದಕ್ಕೇ 'ಕೊಳಕ ಝಾಂಗ್' ಎಂಬ ಅಡ್ಡಹೆಸರು. ಹಸಿವಾದರೆ ಕೊಳಗಗಟ್ಟಲೆ ತಿನ್ನುತ್ತಿದ್ದ, ಇಲ್ಲದಿದ್ದರೆ ದಿನಗಟ್ಟಲೆ ಉಪವಾಸ. ಯೋಂಗ್‌ಲೆ ಚಕ್ರವರ್ತಿ 15ನೇ ಶತಮಾನದ ಆರಂಭದಲ್ಲಿ ಇವನನ್ನು ಹುಡುಕಿಸಲು ವರ್ಷಗಟ್ಟಲೆ ಜನರನ್ನು ಕಳಿಸಿದ, ಸಿಗಲಿಲ್ಲ. ಅದೇ ಚಕ್ರವರ್ತಿ ಅಣ್ಣನ ಮಗನಿಂದ ಸಿಂಹಾಸನ ಕಿತ್ತುಕೊಂಡವನು. ಆ ಗೆಲುವು ಝೆನ್‌ವು ಎಂಬ ಉತ್ತರ ದಿಕ್ಕಿನ ಯುದ್ಧದೇವತೆಯ ಕೃಪೆ ಎಂದು ಸಾರಿ, 1412ರಿಂದ ಹುಬೇಯ ವುಡಾಂಗ್ ಬೆಟ್ಟದ ಮೇಲೆ ಆ ದೇವತೆಗೆ ಅರಮನೆಯಂಥ ದೇಗುಲಗಳ ಸಾಲನ್ನೇ ಕಟ್ಟಿಸಿದ. ಬೆಟ್ಟಕ್ಕೆ ಕೀರ್ತಿ ಬಂದದ್ದು ಹೀಗೆ, ಅರಮನೆಯ ದುಡ್ಡಿನಿಂದ. ಆದರೆ ಗಮನಿಸಿ, ಕೊಳಕ ಝಾಂಗನ ಆ ಜೀವನಚರಿತ್ರೆಯಲ್ಲಿ ಮುಷ್ಟಿಯುದ್ಧದ ಒಂದು ಸಾಲೂ ಇಲ್ಲ.

ಆ ಸಾಲನ್ನು ಸೇರಿಸಿದವನು ಹುವಾಂಗ್ ಝೋಂಗ್‌ಷಿ, ಆ ಕಾಲದ ಮಹಾ ವಿದ್ವಾಂಸರಲ್ಲಿ ಒಬ್ಬ. 1669ರಲ್ಲಿ ಈಗಿನ ಝೆಜಿಯಾಂಗ್ ಪ್ರಾಂತದ ವಾಂಗ್ ಝೆಂಗ್‌ನಾನ್ ಎಂಬ ಮುಷ್ಟಿಕಾಳಗದ ನಿಪುಣ ತೀರಿಕೊಂಡಾಗ ಅವನ ಸಮಾಧಿಗೆ ಲೇಖನ ಬರೆದುಕೊಟ್ಟ. ಶಾವೋಲಿನ್ ಮುಷ್ಟಿ ಜಗತ್ಪ್ರಸಿದ್ಧ ನಿಜ, ಆದರೆ ಅದು ಮೇಲೆ ಬೀಳುವ ವಿದ್ಯೆ, ಆದ್ದರಿಂದ ಎದುರಾಳಿಗೂ ಸಂದು ಸಿಗುತ್ತದೆ. 'ಒಳಮನೆ'ಯ ವಿದ್ಯೆಯಾದರೋ ನಿಶ್ಚಲತೆಯಿಂದ ಚಲನೆಯನ್ನು ಗೆಲ್ಲುತ್ತದೆ. ಇದರ ಮೂಲಪುರುಷ ಸಾಂಗ್ ಕಾಲದ (960–1279) ವುಡಾಂಗ್ ರಸಸಿದ್ಧ ಝಾಂಗ್ ಸಾನ್‌ಫೆಂಗ್. ಚಕ್ರವರ್ತಿ ಕರೆಕಳಿಸಿದಾಗ ದಾರಿ ಕಟ್ಟಿಹೋಗಿತ್ತು. ರಾತ್ರಿ ಕನಸಿನಲ್ಲಿ ಝೆನ್‌ವು ದೇವತೆ ಬಂದು ಮುಷ್ಟಿವಿದ್ಯೆ ಕಲಿಸಿದ. ಬೆಳಗಾಗುತ್ತಲೇ ಒಬ್ಬನೇ ನೂರಕ್ಕೂ ಹೆಚ್ಚು ದರೋಡೆಕೋರರನ್ನು ಕೊಂದ. ಇದು ಲೇಖನದ ಸಾರ. ನಿಮ್ಮ ಗುರುಗಳ ಹಾವು ಕೊಕ್ಕರೆ ಇಲ್ಲಿಲ್ಲ, ಅವು ಆಮೇಲೆ ಬಂದು ಸೇರಿಕೊಂಡವು. ಕರೆಕಳಿಸಿದನೆನ್ನಲಾದ ಸಾಂಗ್ ಚಕ್ರವರ್ತಿಯ ಕಾಲಕ್ಕೂ ಕೊಳಕ ಝಾಂಗನ ಕಾಲಕ್ಕೂ ಎರಡು ಶತಮಾನಗಳಿಗಿಂತ ಹೆಚ್ಚು ಅಂತರವಿದೆ ಎಂಬುದನ್ನು ಹೇಳಿ ಮುಂದಕ್ಕೆ ಹೋಗುತ್ತೇನೆ.

ಲೇಖನದ ಉಳಿದ ಭಾಗ ಇದಕ್ಕಿಂತ ಸ್ವಾರಸ್ಯ. ವಾಂಗ್ ಹೊಡೆಯುತ್ತಿದ್ದದ್ದು ವೈದ್ಯರ ನಕ್ಷೆಯ ಮರ್ಮಸ್ಥಾನಗಳಿಗೆ. ಅವಮಾನ ಮಾಡಿದ ಒಬ್ಬ ಪುಂಡನಿಗೆ ಒಂದೇಟು ಬಿಟ್ಟನಂತೆ. ಆ ಪುಂಡನಿಗೆ ದಿನಗಟ್ಟಲೆ ಮೂತ್ರ ಕಟ್ಟಿಹೋಗಿ, ಕೊನೆಗೆ ಮನೆಬಾಗಿಲಿಗೆ ಬಂದು ತಪ್ಪೊಪ್ಪಿಕೊಂಡ ಮೇಲೆ ಸರಿಹೋಯಿತು. ಒಬ್ಬ ದನಗಾಹಿ ಹುಡುಗ ಕದ್ದು ಕಲಿತು ಗೆಳೆಯನ ಮೇಲೆ ಪ್ರಯೋಗಿಸಿದಾಗ ಅವನು ಸತ್ತಂತೆ ಬಿದ್ದುಬಿಟ್ಟ. ವಾಂಗ್ ನೋಡಿ, ಇದು ಮೂರ್ಛೆಯ ಸ್ಥಾನ, ಏಳುತ್ತಾನೆ ಬಿಡಿ ಎಂದನಂತೆ, ಎದ್ದ. ಇಂಥ ಮನುಷ್ಯ ಮಾಂಚು ದಾಳಿಕೋರರ ವಿರುದ್ಧ ಮಿಂಗ್ ಪಕ್ಷದ ಸೇನೆಯಲ್ಲಿ ಕಾದಾಡಿ, ಸೋತ ಮೇಲೆ ಆ ದುಃಖಕ್ಕೆ ಬದುಕಿಡೀ ಮಾಂಸ ಬಿಟ್ಟು, ಹೊಲ ಅಗೆದು ಗೊಬ್ಬರ ಹೊತ್ತು ಬಾಳಿದ. ಲೇಖನ ಬರೆದ ಹುವಾಂಗನೂ ಅದೇ ಸೋತ ಪಕ್ಷದವನು; ಅವನೂ ಸಶಸ್ತ್ರ ಪ್ರತಿರೋಧದಲ್ಲಿದ್ದವನು, ಹೊಸ ದೊರೆಗಳ ಕೆಲಸ ಒಪ್ಪದವನು.

ಈ ಹಿನ್ನೆಲೆಯಲ್ಲಿ ಲೇಖನವನ್ನು ಮತ್ತೆ ಓದಿದರೆ ಸ್ವರ ಬದಲಾಗುತ್ತದೆ. ಹೊರಗಿನಿಂದ ಬಂದ ಬೌದ್ಧ ಮತದ ಶಾವೋಲಿನ್ 'ಹೊರಮನೆ', ದೇಶೀಯ ತಾವೋ ಮತದ ವುಡಾಂಗ್ 'ಒಳಮನೆ'. ಹೊರಗಿನವನು ಅಬ್ಬರಿಸುತ್ತಾನೆ, ಒಳಗಿನವನು ಮೌನವಾಗಿ ಕಾದು ಗೆಲ್ಲುತ್ತಾನೆ. ಮಾಂಚು ಆಳ್ವಿಕೆಯಡಿ ಹಲ್ಲುಕಚ್ಚಿ ಕುಳಿತಿದ್ದ ಒಬ್ಬ ಚೀನೀ ದೇಶಭಕ್ತ ಬೇರೇನು ಬರೆಯುತ್ತಿದ್ದ? ಆಧುನಿಕ ಸಂಶೋಧಕರಲ್ಲಿ ಹಲವರು ಇದನ್ನು ರಾಜಕೀಯ ಇಂಗಿತವೆಂದೇ ಓದುತ್ತಾರೆ, ನನ್ನ ಒಲವೂ ಅತ್ತಲೇ. ಹುವಾಂಗನ ಮಗ ಬೈಜಿಯಾ, ವಾಂಗ್‌ನ ಶಿಷ್ಯನಾಗಿದ್ದವನು, ಆ ವಿದ್ಯೆಯ ವಿವರಗಳನ್ನು 1676ರಲ್ಲಿ ಬರೆದಿಟ್ಟ. ತಾನು ಅಭ್ಯಾಸ ಬಿಟ್ಟದ್ದಕ್ಕೆ ಮರುಗಿ, ಗುರುವಿನ ವಿದ್ಯೆ ಇಲ್ಲಿಗೆ ಮುಗಿಯಿತು ಎಂದ. ವುಡಾಂಗ್ ಬೆಟ್ಟದಿಂದ ಬಲು ದೂರದ ಕರಾವಳಿ ಸೀಮೆಯಲ್ಲಿ ಆ ಪರಂಪರೆ ಹೀಗೆ ನಿಂತುಹೋಯಿತು. ಅದಕ್ಕೂ ಇಂದಿನ ತಾಯ್ ಚಿಗೂ ನೇರ ಸಂಬಂಧ ತೋರಿಸುವ ಪುರಾವೆ ಯಾವುದೂ ಇಲ್ಲ.

ತಾಯ್ ಚಿಯ ನಿಜವಾದ ಊರು ಹೆನಾನ್ ಪ್ರಾಂತದ ಚೆನ್ ಮನೆತನದ ಹಳ್ಳಿ, ಚೆನ್‌ಜಿಯಾಗೌ. 1930ರ ದಶಕದಲ್ಲಿ ತಾಂಗ್ ಹಾವ್ ಎಂಬ ಇತಿಹಾಸಕಾರ ಅಲ್ಲಿಗೇ ಹೋಗಿ ವಂಶಾವಳಿಗಳನ್ನು ಕೆದಕಿ, 17ನೇ ಶತಮಾನದ ಸೈನಿಕ ಚೆನ್ ವಾಂಗ್‌ತಿಂಗ್‌ನತ್ತ ಬೆರಳು ಮಾಡಿದ. ಆ ಮನೆತನದ ಭಂಗಿಗಳ ಹೆಸರುಗಳಲ್ಲಿ ಹಲವು, ಕರಾವಳಿಯ ಕಡಲ್ಗಳ್ಳರನ್ನು ಬಡಿದ ಮಿಂಗ್ ಸೇನಾಪತಿ ಚೀ ಜಿಗುವಾಂಗ್‌ನ 1560ರ ಸುಮಾರಿನ ಸೈನಿಕ ಕೈಪಿಡಿಯ 32 ಭಂಗಿಗಳ ಪಟ್ಟಿಯಲ್ಲೇ ಇವೆ. ಚೀ ನೇರ ಮಾತಿನವನು: ಬರಿಗೈ ವಿದ್ಯೆಯಿಂದ ದೊಡ್ಡ ಯುದ್ಧಕ್ಕೆ ಉಪಯೋಗವಿಲ್ಲ, ಹೊಸಬರ ಕೈಕಾಲು ಪಳಗಿಸಲು ಒಳ್ಳೆಯದು ಎಂದುಬಿಟ್ಟ. ಇಷ್ಟಕ್ಕೇ ನಿಂತರೆ ತಾಯ್ ಚಿ ಸಿಪಾಯಿಗಳ ಕವಾಯತಿನ ಮೊಮ್ಮಗ. ಆದರೆ ಚೆನ್ ವಾಂಗ್‌ತಿಂಗ್‌ನದೆಂದು ಹೇಳುವ ಒಂದು ಪದ್ಯ ಉಳಿದಿದೆ: ಮುಪ್ಪಿನಲ್ಲಿ ಬಿಡುವಾದಾಗ ಮುಷ್ಟಿವರಸೆ ಕಟ್ಟುತ್ತೇನೆ, ಕೆಲಸ ಬಂದಾಗ ಹೊಲ ಉಳುತ್ತೇನೆ, ಜೊತೆಗಿರುವುದು ಹುವಾಂಗ್‌ತಿಂಗ್ ಗ್ರಂಥವೊಂದೇ ಎನ್ನುವ ಭಾವದ್ದು. ಹುವಾಂಗ್‌ತಿಂಗ್ ಎಂದರೆ ದೇಹದೊಳಗಿನ ದೇವತೆಗಳನ್ನೂ ಉಸಿರಿನ ಸಂಚಾರವನ್ನೂ ಹಾಡುವ ಅಪ್ಪಟ ತಾವೋ ಗ್ರಂಥ.

ನಿಮ್ಮ ಪ್ರಶ್ನೆಗೆ ಉತ್ತರ ಈ ಮುದಿ ಸೈನಿಕನ ಹಾಸಿಗೆಯ ಬಳಿ ಇದೆ ಎಂದು ನನಗನ್ನಿಸುತ್ತದೆ. 16-17ನೇ ಶತಮಾನಗಳಲ್ಲಿ ಮುದ್ರಿತ ಪುಸ್ತಕಗಳು ಅಗ್ಗವಾದವು, ಕನ್‌ಫ್ಯೂಷಿಯಸ್, ಬುದ್ಧ, ತಾವೋ ಮೂರೂ ಒಂದೇ ಎನ್ನುವುದು ಫ್ಯಾಷನ್ ಆಯಿತು. ರಾಜ್ಯ ಕುಸಿದು ಸೈನಿಕರು ಮನೆಗೆ ಬಂದರು, ಓದುಬಲ್ಲವರು ದೊಣ್ಣೆ ಹಿಡಿದರು. ಸಾವಿರಾರು ವರ್ಷ ಬೇರೆ ಬೇರೆ ಕಪಾಟಿನಲ್ಲಿದ್ದ ಕಾದಾಟವೂ ದಾವೋಯಿನ್ನೂ ಆಗ ಒಂದೇ ಮೈಯಲ್ಲಿ ಕೂಡಿದವು. 18ನೇ ಶತಮಾನದಲ್ಲಿ ಅದೇ ಹೆನಾನ್‌ನ ಚಾಂಗ್ ನಾಯ್‌ಝೋವು ಎಂಬ ವಿದ್ಯಾವಂತ, ಮುಷ್ಟಿಯ ಒಂದೊಂದು ಹೊಡೆತಕ್ಕೂ ಚೀ, ಅಂದರೆ ಪ್ರಾಣಶಕ್ತಿ, ಮೈಯಲ್ಲಿ ಹೇಗೆ ಹರಿಯಬೇಕೆಂದು ಪುಟಗಟ್ಟಲೆ ಬರೆದ. 19ನೇ ಶತಮಾನದಲ್ಲಿ ಬಾಗುವಾ ಎಂಬ ಯುದ್ಧವಿದ್ಯೆಯ ದೋಂಗ್ ಹಾಯ್‌ಚುವಾನ್ ಕಲಿಸಿದ ವರ್ತುಲ ನಡಿಗೆಯೂ ತಾವೋ ಸಾಧಕರು ಜಪ ಮಾಡುತ್ತ ಸುತ್ತು ಹಾಕುವ ಪದ್ಧತಿಯಿಂದ ಬಂದಿರಬಹುದೆಂಬ ವಾದಕ್ಕೆ ತೂಕವಿದೆ. ನಂಟು ನಿಜ, ಗಾಢವಾದದ್ದು. ವಯಸ್ಸು ಮಾತ್ರ ಹೇಳಿಕೊಳ್ಳುವಷ್ಟಿಲ್ಲ, ಸುಮಾರು 400 ವರ್ಷ.

ಮೂಲಪುರುಷನ ಕಥೆಯನ್ನು ಸುಳ್ಳು ಎಂದು ಬೀಸಿ ಒಗೆಯಬೇಕೇ? ಮೈಸೂರಿನ ಗರಡಿಗಳಲ್ಲಿ ಆಂಜನೇಯನಿಗೆ ಕೈಮುಗಿದೇ ಪೈಲ್ವಾನರು ಮಟ್ಟಿಗೆ ಇಳಿಯುತ್ತಾರೆ, ಹಾಗೆಂದು ಪಟ್ಟುಗಳ ಇತಿಹಾಸ ಬರೆಯುವಾಗ ಯಾರೂ ಆಂಜನೇಯನಿಂದ ಆರಂಭಿಸುವುದಿಲ್ಲ. ಝೆನ್‌ವು, ಝಾಂಗ್ ಸಾನ್‌ಫೆಂಗ್, ಬೋಧಿಧರ್ಮರಿಗೂ ಆ ಜಾಗ ಸಲ್ಲುತ್ತದೆ. ತಾಯ್ ಚಿ ಪರಂಪರೆಯೊಳಗೇ ಪ್ರಾಮಾಣಿಕರಿದ್ದರು: 19ನೇ ಶತಮಾನದ ಲೀ ಯಿಯು ಮೊದಲು ಝಾಂಗ್ ಸಾನ್‌ಫೆಂಗನ ಹೆಸರು ಬರೆದವನು, ಮುಂದೆ ತಿದ್ದಿ, ಇದನ್ನು ಯಾರು ಆರಂಭಿಸಿದರೋ ತಿಳಿಯದು ಎಂದು ಬರೆದ. ಕಥೆಯನ್ನು ಆಡಳಿತಕ್ಕೆ ಎಳೆತಂದಾಗ ಏನಾಗುತ್ತದೆಂಬುದಕ್ಕೆ ನಿದರ್ಶನ ನಾನ್‌ಜಿಂಗ್‌ನಲ್ಲಿದೆ. 1928ರಲ್ಲಿ ಅಲ್ಲಿ ಸರ್ಕಾರಿ ಬೆಂಬಲದ ಯುದ್ಧಕಲಾ ಸಂಸ್ಥೆ ತೆರೆದಾಗ ಅದನ್ನು ಶಾವೋಲಿನ್ ವಿಭಾಗ, ವುಡಾಂಗ್ ವಿಭಾಗ ಎಂದು ಸೀಳಿದರು. ಕೆಲವೇ ತಿಂಗಳಲ್ಲಿ ವಿಭಾಗಗಳ ಮುಖ್ಯಸ್ಥರೇ ಯಾರು ಹೆಚ್ಚು ಎಂದು ಕೈಕೈ ಮಿಲಾಯಿಸಿದರು. ವಿಭಾಗಗಳನ್ನೇ ರದ್ದು ಮಾಡಬೇಕಾಯಿತು. ಈಗ ವುಡಾಂಗ್ ಬೆಟ್ಟಕ್ಕೆ ಹೋದರೆ ನಿಲುವಂಗಿ ತೊಟ್ಟ ಗುರುಗಳು, ತರಬೇತಿ ಶಾಲೆಗಳು ಸಾಕಷ್ಟು ಸಿಗುತ್ತವೆ. ಅವುಗಳಲ್ಲಿ ಬಹುತೇಕ 1980ರ ದಶಕದ ನಂತರ ಚಿಗುರಿದವು.

ನೀವು ಕಲಿಯುತ್ತಿರುವ 24 ಭಂಗಿಗಳ ಸರಣಿಯ ಬಗ್ಗೆ ಮಾತ್ರ ಯಾವ ಅನುಮಾನಕ್ಕೂ ಜಾಗವಿಲ್ಲ. ಅದನ್ನು 1956ರಲ್ಲಿ ಚೀನಾದ ರಾಷ್ಟ್ರೀಯ ಕ್ರೀಡಾ ಆಯೋಗ, ಯಾಂಗ್ ಮನೆತನದ ಉದ್ದನೆಯ ಸರಣಿಯನ್ನು ಕತ್ತರಿಸಿ, ಕಾರ್ಖಾನೆ ಕೆಲಸಗಾರರಿಂದ ಶಾಲಾ ಮಕ್ಕಳವರೆಗೆ ಎಲ್ಲರೂ ಮಾಡಲಿ ಎಂದು ಸಿದ್ಧಪಡಿಸಿತು. ಯಾಂಗ್ ಮನೆತನದ ಹಿರಿಯ ಯಾಂಗ್ ಲುಚಾನ್, 1799ರಲ್ಲಿ ಹುಟ್ಟಿದವನು, ಕಲಿತದ್ದು ಅದೇ ಚೆನ್ ಹಳ್ಳಿಯಲ್ಲಿ. ಗುರುಗಳು ಹೊಕ್ಕುಳ ಕೆಳಗಿನ ದಾಂತಿಯೆನ್‌ಗೆ ಉಸಿರನ್ನು ಇಳಿಸಿ ಎಂದಾಗ ನೀವು ಕೇಳುತ್ತಿರುವುದು ನಿಜವಾದ ತಾವೋ ಪರಿಭಾಷೆಯನ್ನೇ, ಗೆ ಹೋಂಗ್ ಬಲ್ಲ ಪದವನ್ನೇ. ಮುಂದಿನ ಸಾಲಿನಲ್ಲಿ ಅವರು 'ಒಂಟಿ ಚಾವಟಿ' ಎಂದರೆ, ಆ ಹೆಸರು ಬಂದದ್ದು ಸೇನಾಪತಿ ಚೀ ಜಿಗುವಾಂಗ್‌ನ ಕೈಪಿಡಿಯಿಂದ.